ಹೋಗಬಲ್ಲ ದಾರಿ, ಹೋಗತಕ್ಕ ದಾರಿ

ಪಾಲಾರಿಗೆ ಅಡ್ಡಲಾಗಿ ಕಟ್ಟಿರುವ ಬೇತಮಂಗಲದ ಕೆರೆಯಿಂದ ನೈಋತ್ಯಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಕೋಲಾರದ ಚಿನ್ನದ ಗಣಿಗಳ ಸೀಮೆಯು ಮೊದಲಾಗುತ್ತದೆ. ಒಂದು ಕಡೆ ಮನುಷ್ಯನು ನೀರಿಗಾಗಿ ಮಣ್ಣನ್ನು ಅಗೆದಿದ್ದಾನೆ. ಇನ್ನೊಂದು ಕಡೆ ಚಿನ್ನಕ್ಕಾಗಿ ಕಲ್ಲನ್ನು ಕೊರೆದಿದ್ದಾನೆ. ಎರಡು ಸ್ಥಳಗಳ ನಡುವಣ ದಾರಿ ಚಿಕ್ಕದು. ಎರಡು ಕೆಲಸಗಳ ನಡುವಣ ದೂರ ಬಹು ದೊಡ್ಡದು. ಈ ದೂರವನ್ನು ಅರಿಯದೆಯೇ ಆ ದಾರಿಯನ್ನು ದಾಟಿಬಿಡುವುದು ಈಗ ಸುಲಭವಾಗಿದೆ. ಆ ಸುಲಭತೆಯೇ ಇಲ್ಲಿ ವಿಚಾರಕ್ಕೆ ತಕ್ಕ ವಿಷಯ.

ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದುವು. ಬಾವಿಗಳ ಬಾಯ ಮೇಲೆ ನಿಂತಿದ್ದ ಉಕ್ಕಿನ ಗೋಪುರಗಳು ತುಕ್ಕು ಹಿಡಿದುವು. ಆಳದ ಸುರಂಗಗಳಲ್ಲಿ ನೀರು ತುಂಬಿತು. ಯಂತ್ರಶಾಲೆಗಳ ಗೋಡೆಗಳ ಬಿರುಕಿನಲ್ಲಿ ಗಿಡಗಂಟಿಗಳು ಬೇರೂರಿದುವು. ಹಾಳಾದುದಕ್ಕೆ ತನ್ನದೇ ಆದ ಒಂದು ಸೆಳೆತವುಂಟು. ಬಾಳುತ್ತಿರುವ ಊರನ್ನು ನೋಡಲು ಯಾರೂ ದೂರದಿಂದ ಬರುವುದಿಲ್ಲ; ಬಾಳಿ ಮುಗಿದುದೆಂದು ತೋರುವ ಊರನ್ನು ನೋಡಲು ಬರುತ್ತಾರೆ. 2018ರಲ್ಲಿ ಈ ಊರಿನ ಹೆಸರನ್ನೇ ಹೊತ್ತ ಕನ್ನಡ ಚಲನಚಿತ್ರವೊಂದು ದೇಶವಿಡೀ ಪ್ರಸಿದ್ಧವಾದ ಮೇಲೆ ಆ ಸೆಳೆತ ಇಮ್ಮಡಿಯಾಯಿತು. ನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿನಿಂದ ಬೆಳಗ್ಗೆ ಹೊರಟವನು ಹೊತ್ತೇರುವುದರೊಳಗೆ ಇಲ್ಲಿರಬಹುದು. ಅವನು ಏರಿ ಬರುವ ವಾಹನವು ರಸ್ತೆ ಮುಗಿದಲ್ಲಿ ನಿಲ್ಲತಕ್ಕುದಲ್ಲ. ರಸ್ತೆ ಮುಗಿದಲ್ಲಿಯೇ ಅದರ ಹೆಚ್ಚುಗಾರಿಕೆ ಪ್ರಾರಂಭವಾಗುತ್ತದೆ.

ಸಾಮಾನ್ಯವಾದ ಮೋಟಾರಿನಲ್ಲಿ ಯಂತ್ರದ ಬಲವು ಎರಡು ಗಾಲಿಗಳಿಗೆ ಮಾತ್ರ ಹಾಯುತ್ತದೆ. ಆ ಎರಡು ಕೆಸರಿನಲ್ಲಿ ಜಾರಿದರೆ ಉಳಿದೆರಡು ಕೈಕಟ್ಟಿ ನಿಂತ ನೆಂಟರಂತೆ ನೋಡುತ್ತಿರುತ್ತವೆ. ಜೀಪಿನಂತಹ ಬಂಡಿಯಲ್ಲಾದರೋ ಬಲವು ನಾಲ್ಕು ಗಾಲಿಗಳಿಗೂ ಹಂಚಿಹೋಗುತ್ತದೆ. ಒಂದು ಸೋತ ನೆಲವನ್ನು ಇನ್ನೊಂದು ಹಿಡಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಾಹನವಿದು. ಯುದ್ಧ ಮುಗಿದ ಮೇಲೆ ಮಹೀಂದ್ರ ಸಂಸ್ಥೆಯವರು ಇದನ್ನು ಭಾರತದಲ್ಲಿ ಜೋಡಿಸತೊಡಗಿದರು. ಅಂದಿನಿಂದ ಮಲೆನಾಡಿನ ತೋಟಗಳಲ್ಲಿಯೂ ಕಾಡಿನ ಇಲಾಖೆಯಲ್ಲಿಯೂ ಇದು ಮಾಡಿರುವ ಉಪಕಾರ ಅಲ್ಪವಲ್ಲ. ದಾರಿಯಿಲ್ಲದ ಹಳ್ಳಿಯಿಂದ ರೋಗಿಯನ್ನು ಹೊತ್ತು ತಂದುದಕ್ಕೆ ಇದನ್ನು ಹರಸುವ ಮನೆಗಳು ಎಷ್ಟೋ ಇರಬೇಕು. ಆದರೆ ಇದರ ಹುಟ್ಟಿನ ಗುಣವನ್ನು ಮರೆಯಲಾಗದು. ಮುಂದಿರುವ ನೆಲ ಯಾರದು, ಅದು ಒಪ್ಪುವುದೋ ಇಲ್ಲವೋ ಎಂದು ಕೇಳುತ್ತ ನಿಲ್ಲುವುದಕ್ಕೆ ಯುದ್ಧದಲ್ಲಿ ಅವಕಾಶವಿಲ್ಲ. ದಾಟುವುದೊಂದೇ ಅದಕ್ಕೆ ಕಲಿಸಿದ ವಿದ್ಯೆ.

ಈ ವಿದ್ಯೆಯು ಸುಖಜೀವಿಯಾದ ನಾಗರಿಕನ ಕೈಗೆ ಬಂದಾಗ ಹಳೆಯದೊಂದು ಪ್ರಶ್ನೆಯು ಹೊಸ ವೇಷದಲ್ಲಿ ಎದುರಾಗುತ್ತದೆ. ಹೋಗಬಲ್ಲೆನೆಂಬುದು ಹೋಗಬಹುದೆಂಬುದಕ್ಕೆ ಸಾಕಾದ ಕಾರಣವೆ? ಸಾಮರ್ಥ್ಯವೂ ಅರ್ಹತೆಯೂ ಬೇರೆಬೇರೆಯೆಂದು ಮಕ್ಕಳಿಗೆ ಹೇಳಿಕೊಡುವವರು ತಾವೇ ಅದನ್ನು ಮರೆಯುವುದುಂಟು. ನೆರೆಮನೆಯ ಕದ ತೆರೆದಿದ್ದರೆ ಒಳಗೆ ನುಗ್ಗುವವನನ್ನು ಯಾರೂ ಸಾಹಸಿಯೆನ್ನುವುದಿಲ್ಲ. ಹಾಳುಗಣಿಯ ಬೇಲಿ ಮುರಿದಿದ್ದರೆ ಅಲ್ಲಿ ನುಗ್ಗಿದವನನ್ನು ಸಾಹಸಿಯೆನ್ನುತ್ತಾರೆ. ಒಂದರಲ್ಲಿ ತಪ್ಪಾದುದು ಇನ್ನೊಂದರಲ್ಲಿ ಗುಣವಾದುದು ಹೇಗೆ? ಮನೆಗೆ ಯಜಮಾನನುಂಟು, ಹಾಳಿಗೆ ಯಜಮಾನನಿಲ್ಲ ಎಂಬುದು ಒಡನೆ ಹೊಳೆಯುವ ಉತ್ತರ. ಈ ಉತ್ತರವು ನಿಲ್ಲುವುದೇ ಎಂಬುದನ್ನು ಗಣಿಯ ಸೀಮೆಯ ಚರಿತ್ರೆಯಿಂದಲೇ ಪರೀಕ್ಷಿಸಬೇಕು.

1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿಯು ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯುವ ಕೆಲಸದ ಮೇಲೆ ಈ ಕಡೆಗೆ ಬಂದನು. ಈ ನೆಲದಲ್ಲಿ ಚಿನ್ನವುಂಟೆಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವೆನೆಂದನು. ಹಳ್ಳಿಯವರು ಗಾಡಿಗಳಲ್ಲಿ ಮಣ್ಣನ್ನು ತಂದು ಅವನ ಕಣ್ಣೆದುರಿಗೆ ತೊಳೆದು ಚಿನ್ನದ ಹುಡಿಯನ್ನು ತೋರಿಸಿದರು. ಮಾರಿಕುಪ್ಪದ ಬಳಿಯಲ್ಲಿ, ಸಮಾಜವು ಅತಿ ಕೆಳಗೆ ನೂಕಿದ್ದ ಜನರು ಇಕ್ಕಟ್ಟಾದ ಗುಂಡಿಗಳಲ್ಲಿಳಿದು ಕಲ್ಲನ್ನು ಮೇಲಕ್ಕೆ ತರುತ್ತಿದ್ದರು. ಹೆಂಗಸರು ಅದನ್ನು ಕುಟ್ಟಿ ತೊಳೆಯುತ್ತಿದ್ದರು. ವಾರೆನ್ ಯಾರನ್ನೂ ಹೊಡೆಯಲಿಲ್ಲ, ಏನನ್ನೂ ಕದಿಯಲಿಲ್ಲ. ನೋಡಿದನು, ಕೇಳಿದನು, ಬರೆದುಕೊಂಡನು. ಇಂದಿನ ಸಂಚಾರಿಯು ಮಾಡುವುದೂ ಅಷ್ಟೇ ಅಲ್ಲವೆ? ಆದರೂ ಅವನ ಬರಹವು ಕಾಗದದಲ್ಲಿಯೇ ಉಳಿಯಲಿಲ್ಲ.

ಸುಮಾರು ಎಪ್ಪತ್ತು ವರ್ಷಗಳಾದ ಮೇಲೆ, ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದ ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕನು ಆ ಬರಹವನ್ನು ಓದಿದನು. 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಈ ಕಡೆಗೆ ಹೊರಟನು. ಅವನು ಗಣಿ ತೋಡುವ ಹಕ್ಕನ್ನು ಮೈಸೂರು ಸರಕಾರದಿಂದ ಪಡೆದನು. ಹಣ ಸಾಲದೆ ಇತರರಿಗೆ ಬಿಟ್ಟುಕೊಟ್ಟನು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಹೆಸರಿನ ಗಣಿಗಳು ಎದ್ದುವು. ಒಬ್ಬ ಪ್ರಯಾಣಿಕನ ಕುತೂಹಲವು ಬರಹವಾಯಿತು, ಬರಹವು ಆಸೆಯಾಯಿತು, ಆಸೆಯು ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಬಾವಿಯಾಯಿತು. ಮೊದಲ ದಿನ ಮಣ್ಣು ತೊಳೆದು ತೋರಿಸಿದವರ ಪಾಲಿಗೆ ಬಹುಮಾನದ ಕಾಸು ಬಂದಿತು. ಅವರ ಮಕ್ಕಳ ಮೊಮ್ಮಕ್ಕಳ ನೆಲದಿಂದ ಹೊರಟ ಚಿನ್ನವು ಒಟ್ಟು ಎಂಟು ನೂರು ಟನ್ನಿನಷ್ಟೆಂದು ಎಣಿಸುತ್ತಾರೆ. ನೋಡುವುದೆಂಬುದು ಏನನ್ನೂ ಮುಟ್ಟದ ಕ್ರಿಯೆಯೆಂದು ಹೇಳುವವರು ಈ ಕಥೆಗೆ ಸಮಾಧಾನ ಹೇಳಬೇಕು.

ಹಾಗೆಂದು ಗಣಿಯಿಂದ ಕೇಡೊಂದೇ ಬಂದಿತೆನ್ನುವುದು ಸತ್ಯವಲ್ಲ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರ ತಂತಿಯ ಮೇಲೆ ಹರಿದು ಇಲ್ಲಿಗೆ ತಲುಪಿತು. ಆ ಕಾಲಕ್ಕೆ ಅದು ಜಗತ್ತಿನಲ್ಲಿಯೇ ಅತಿ ದೀರ್ಘವಾದ ತಂತಿಗಳಲ್ಲೊಂದು. ಸ್ವಂತ ಊರಿನಲ್ಲಿ ಕೆರೆಬಾವಿಗಳಿಂದ ದೂರವಿಡಲ್ಪಟ್ಟಿದ್ದ ಜನರು, ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನಿಂದಲೂ ಬಂದವರು, ಇಲ್ಲಿ ತಿಂಗಳ ಕೂಲಿಯನ್ನು ಕಂಡರು. ಆದರೆ ಎಲ್ಲವೂ ಒಂದೇ ಕಡೆಗೆ ಹರಿಯಿತು. ಬೇತಮಂಗಲದ ಕೆರೆಯ ನೀರನ್ನು ಶೋಧಿಸಿ ಕೊಳವೆಗಳಲ್ಲಿ ಗಣಿಯ ಊರಿಗೆ ಒಯ್ದರು. ಕಾವೇರಿಯ ಬಲ, ಪಾಲಾರಿನ ನೀರು, ದಕ್ಷಿಣದ ಬಡವರ ತೋಳು, ಮೂರೂ ಒಂದೇ ಬಾವಿಯೊಳಗೆ ಇಳಿದುವು. ಬಾವಿಯಿಂದ ಮೇಲೆ ಬಂದುದು ಹಡಗನ್ನೇರಿತು.

ಕೆಳಗಿಳಿದವರ ಪಾಡನ್ನು ಎರಡು ಮಾತಿನಲ್ಲಿ ಹೇಳಬಹುದು. ಅತಿ ಆಳದಲ್ಲಿ ಬಂಡೆಯ ಕಾವು 60 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿತ್ತು. ಮೇಲಿನ ಭಾರಕ್ಕೆ ಬಿಗಿದು ನಿಂತ ಬಂಡೆಯು ಮುನ್ಸೂಚನೆಯಿಲ್ಲದೆ ಸಿಡಿದು ಸುರಂಗವನ್ನೂ ಅದರಲ್ಲಿದ್ದವರನ್ನೂ ಮುಚ್ಚಿಬಿಡುತ್ತಿತ್ತು. ಉಳಿದವರ ಎದೆಗೂಡನ್ನು ಕಲ್ಲಿನ ನುಣುಪಾದ ಧೂಳು ಮೆಲ್ಲಮೆಲ್ಲನೆ ತಿನ್ನುತ್ತಿತ್ತು. ಬಾವಿಯಿಂದ ಹೊರಬಂದವನ ಮೈಯನ್ನು ಚಿನ್ನದ ಶಂಕೆಯಿಂದ ತಡವಿ ನೋಡುತ್ತಿದ್ದರು. 1930ರಲ್ಲಿ, ಬೆರಳಚ್ಚು ಕೊಟ್ಟು ಹೆಸರನ್ನು ನೋಂದಿಸಿಕೊಳ್ಳಬೇಕೆಂಬ ಕಟ್ಟಳೆ ಬಂದಾಗ, ಸಾವಿರಾರು ಗಣಿಗಾರರು ಕೆಲಸ ನಿಲ್ಲಿಸಿ ಅದನ್ನು ವಿರೋಧಿಸಿದರು. ಅಂದು ಅವರು ಕೂಲಿಗಿಂತ ಹೆಚ್ಚಿನದೊಂದನ್ನು ಕೇಳುತ್ತಿದ್ದರು. ದುಡಿಯಲು ಬಂದವನನ್ನು ಕಳ್ಳನೆಂದು ಮೊದಲೇ ತಿಳಿಯಬೇಡಿರೆಂಬುದು ಅವರ ಮಾತಿನ ತಿರುಳು. ಪ್ರತಿದಿನವೂ ಗುರುತು ತೋರಿಸಿ, ಮೈ ತಡವಿಸಿಕೊಂಡು, ಈ ನೆಲದೊಳಕ್ಕೆ ಹೋಗಿ ಬಂದವರ ಮಕ್ಕಳ ಕಣ್ಣೆದುರಿಗೆ ಇಂದು ಬೇಕಾದವನು ಬೇಕಾದ ಕಡೆಯಿಂದ ಬಂಡಿ ನುಗ್ಗಿಸಿಕೊಂಡು ಬರುತ್ತಾನೆ. ಈ ವೈಪರೀತ್ಯವನ್ನು ಅವನು ಅರಿಯದಿರಬಹುದು. ನೋಡುತ್ತ ನಿಂತವರು ಅರಿಯದಿರುವುದಿಲ್ಲ.

ಹಾಳಿಗೆ ಯಜಮಾನನಿಲ್ಲವೆಂಬ ಮಾತಿಗೆ ಈಗ ಮರಳಬಹುದು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ಹಾಸ್ಯಕ್ಕೆ ಹೇಳುತ್ತಾರೆ. ಊರೇ ಹೋದ ಮೇಲೆ ಗೌಡಿಕೆಗೆ ಏನು ಬೆಲೆಯೆಂಬುದು ಅದರ ನಗೆ. ಆದರೆ ಗಣಿಯ ಊರಿನಲ್ಲಿ ಆ ಗಾದೆಯು ನಗೆಯನ್ನು ಬಿಟ್ಟು ನಿಜವನ್ನೇ ಹೇಳುತ್ತದೆ. ಒಡೆತನವು ಕಂಪನಿಗಳಿಂದ 1956ರಲ್ಲಿ ಮೈಸೂರು ಸರಕಾರಕ್ಕೂ, 1962ರಲ್ಲಿ ಕೇಂದ್ರ ಸರಕಾರಕ್ಕೂ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರಕಾರಿ ಸಂಸ್ಥೆಗೂ ಸಾಗಿತು. ಟನ್ನು ಅದಿರಿಗೆ ಮೂರು ಗ್ರಾಮಿನಷ್ಟು ಚಿನ್ನವೂ ದುರ್ಲಭವಾಗಿ, ತೆಗೆಯುವ ವೆಚ್ಚವು ತೆಗೆದುದರ ಬೆಲೆಯನ್ನು ಮೀರಿದಾಗ, ಬಾಗಿಲು ಬಿದ್ದಿತು. ಒಡೆಯರು ಒಬ್ಬರಾದ ಮೇಲೊಬ್ಬರು ಹೋದರು. ಸಾಲುಮನೆಗಳಲ್ಲಿದ್ದವರು ಉಳಿದರು. ಅವರಲ್ಲಿ ಎಷ್ಟೋ ಮಂದಿ ಇಂದಿಗೂ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ರೈಲಿನಲ್ಲಿ ಆ ಕಡೆಗೆ ಹೋಗುವವನು ಅನ್ನಕ್ಕಾಗಿ ಹೋಗುತ್ತಾನೆ. ಜೀಪಿನಲ್ಲಿ ಈ ಕಡೆಗೆ ಬರುವವನು ವಿನೋದಕ್ಕಾಗಿ ಬರುತ್ತಾನೆ. ಒಬ್ಬನು ಹಾಳೆಂದು ಕರೆಯುವುದನ್ನು ಇನ್ನೊಬ್ಬನು ಮನೆಯೆಂದು ಕರೆಯುತ್ತಾನೆ.

ಬಂದವನು ಮೊದಲು ಹುಡುಕುವುದು ಸೈನೈಡು ಗುಡ್ಡಗಳನ್ನು. ದೂರಕ್ಕೆ ಅವು ಬೆಟ್ಟಗಳಂತೆಯೇ ತೋರುತ್ತವೆ. ಆದರೆ ದೇವರು ಮಾಡಿದ ಬೆಟ್ಟಗಳಲ್ಲ. ಆಳದಿಂದ ತಂದ ಬಂಡೆಯನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡು, ಉಳಿದ ಹಿಟ್ಟನ್ನು ವರ್ಷಗಟ್ಟಲೆ ಸುರಿದುದರಿಂದ ಆದ ರಾಶಿಗಳವು. ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು. ಸೈನೈಡು ಬಿಸಿಲುಗಾಳಿಗೆ ಕಾಲಕ್ರಮದಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ಕಲ್ಲಿನ ಹಿಟ್ಟು ಕಳೆದುಹೋಗುವುದಿಲ್ಲ. ಮಳೆಗೆ ನೆನೆದು ಒಣಗಿದಾಗ ಅದರ ಮೇಲೆ ತೆಳುವಾದ ಹಕ್ಕಳೆಯೊಂದು ಕಟ್ಟುತ್ತದೆ. ಅಲ್ಲಲ್ಲಿ ಹುಲ್ಲು ಗಿಡಗಳು ಬೇರುಬಿಟ್ಟು ಅದನ್ನು ಹಿಡಿದಿರುತ್ತವೆ. ಬೇಸಗೆಯ ಗಾಳಿಗೂ ಕೆಳಗಿನ ಮನೆಗಳ ಅನ್ನದ ತಟ್ಟೆಗೂ ನಡುವೆ ಇರುವ ತಡೆ ಅಷ್ಟೇ. ಕಡಿದಾದ ಆ ಇಳಿಜಾರನ್ನು ಏರಿಸಿ ವಾಹನದ ಬಲವನ್ನು ತೋರಿಸಬೇಕೆಂಬ ಹುಮ್ಮಸ್ಸು ಗಾಲಿಯ ಒಂದೇ ಸುತ್ತಿಗೆ ಆ ಹಕ್ಕಳೆಯನ್ನು ಒಡೆಯುತ್ತದೆ. ಏರಿದವನು ಸಂಜೆಗೆ ಮನೆ ಸೇರಿ ವಾಹನವನ್ನು ತೊಳೆಯಿಸುತ್ತಾನೆ. ಅವನು ಎಬ್ಬಿಸಿದ ಧೂಳು ಇಲ್ಲಿಯೇ ಉಳಿದು ಇಲ್ಲಿಯವರ ಉಸಿರಿನೊಳಗೆ ಇಳಿಯುತ್ತದೆ. ಚಿನ್ನವನ್ನು ತೆಗೆದುಕೊಂಡು ಧೂಳನ್ನು ಬಿಟ್ಟುಹೋದವರ ಕಥೆಯನ್ನು ಅವನು ಚಿಕ್ಕದಾಗಿ ಇನ್ನೊಮ್ಮೆ ಆಡಿದಂತಾಗುತ್ತದೆ.

ಇದಕ್ಕೆ ಒಂದು ಸಮರ್ಥವಾದ ಆಕ್ಷೇಪಣೆಯುಂಟು, ಅದನ್ನು ತಳ್ಳಿಹಾಕಲಾಗದು. ಜನರು ಬಾರದಿದ್ದರೆ ಈ ಊರು ಮರೆತೇಹೋಗುತ್ತದೆ. ಮರೆಯುವುದು ನೋಡುವುದಕ್ಕಿಂತ ದೊಡ್ಡ ಅನ್ಯಾಯವಲ್ಲವೆ? ಪುಸ್ತಕದಲ್ಲಿ ಓದಿದುದಕ್ಕಿಂತ ಕಣ್ಣಾರೆ ಕಂಡುದು ಮನಸ್ಸಿನಲ್ಲಿ ನಿಲ್ಲುತ್ತದೆ. ಮೇಲಾಗಿ, ಪಟ್ಟಣದ ನಯವಾದ ರಸ್ತೆಗಳಲ್ಲಿ ಬೆಳೆದ ಯುವಕನಿಗೆ ಸ್ವಲ್ಪ ಕಷ್ಟವೂ ಸ್ವಲ್ಪ ಅಪಾಯವೂ ಬೇಕು. ಧೈರ್ಯವು ಅಭ್ಯಾಸದಿಂದ ಬರತಕ್ಕ ಗುಣ. ಇವೆಲ್ಲವೂ ನಿಜ. ಮುದುಕರೂ ಅಶಕ್ತರೂ ಕೂಡ ಜೀಪಿನ ಸಹಾಯದಿಂದ ನಡೆಯಲಾರದ ಕಡೆಗೆ ಹೋಗಿ ತಮ್ಮ ಹಿರಿಯರು ದುಡಿದ ಸ್ಥಳವನ್ನು ನೋಡಬಹುದು. ಅಂತಹ ಬರವನ್ನು ಯಾವ ನೀತಿಯೂ ಬೇಡವೆನ್ನಲಾರದು.

ಆದರೆ ಧೈರ್ಯದ ಮಾತು ಬಂದುದರಿಂದ ಅದನ್ನು ತೂಗಿ ನೋಡುವುದು ಒಳ್ಳೆಯದು. ಗಣಿಗಾರನ ಅಪಾಯವನ್ನು ಅವನು ಆರಿಸಿಕೊಳ್ಳಲಿಲ್ಲ; ಹೊಟ್ಟೆಯು ಅವನ ಪರವಾಗಿ ಆರಿಸಿತು. ಸಂಚಾರಿಯ ಅಪಾಯವು ಹಣ ಕೊಟ್ಟು ಕೊಂಡದ್ದು. ಕೊಂಡ ಅಪಾಯವೂ ನಿಜವಾದ ಅಪಾಯವೇ. ಮುಚ್ಚದೆ ಬಿಟ್ಟ ಬಾವಿಗೆ ಬೀಳುವವನು ಯಾರೆಂದು ನೋಡುವ ಅಭ್ಯಾಸವಿಲ್ಲ. ಆದರೆ ಅದು ಕೊಂಡವನೊಬ್ಬನದಾಗಿಯೇ ಉಳಿಯುವುದಿಲ್ಲವೆಂಬುದನ್ನು ಸಾಹಸದ ಹೊಗಳಿಕೆಯಲ್ಲಿ ಮರೆಯುತ್ತಾರೆ. ಹೂತುಹೋದ ವಾಹನವನ್ನು ಎಳೆಯಲು ಹಗ್ಗ ಹಿಡಿದು ಬರತಕ್ಕವರು ಹತ್ತಿರದ ಮನೆಯವರು. ಕುಸಿದ ಸುರಂಗದ ಬಾಯಲ್ಲಿ ಒಬ್ಬನು ಕಾಣೆಯಾದರೆ ಅವನನ್ನು ಹುಡುಕಲು ಇಳಿಯತಕ್ಕವರು, ಒಳಗಿನ ದಾರಿಯನ್ನು ಬಲ್ಲ ಹಳೆಯ ಗಣಿಗಾರರು. ಬದುಕಿಗಾಗಿ ಒಂದು ಆಯುಷ್ಯವೆಲ್ಲ ಆ ಕತ್ತಲೆಗೆ ಇಳಿದು ಹೇಗೋ ಮೇಲೆ ಬಂದವನನ್ನು ಇನ್ನೊಬ್ಬನ ವಿನೋದಕ್ಕಾಗಿ ಮತ್ತೆ ಇಳಿಸುವುದು ಧೈರ್ಯವಲ್ಲ. ಇನ್ನೊಬ್ಬರ ಧೈರ್ಯವನ್ನು ಕೇಳದೆ ಸಾಲ ತೆಗೆದುಕೊಳ್ಳುವುದಕ್ಕೆ ಬೇರೆ ಹೆಸರಿದೆ.

ಇದೇ ಗಣಿಗೆ, ಕೊಂಡುಹೋಗಲು ಬಾರದೆ ತಿಳಿಯಲು ಬಂದವರೂ ಇದ್ದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲವನ್ನು ದಪ್ಪನಾದ ಬಂಡೆಯು ತಡೆಯುತ್ತದೆ. ಆ ಗದ್ದಲವಿಲ್ಲದ ಕಡೆ ಮಾತ್ರವೇ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣದ ಸುಳಿವನ್ನು ಹಿಡಿಯಬಹುದು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಮತ್ತು ಇಂಗ್ಲೆಂಡಿನ ವಿದ್ವಾಂಸರೊಡಗೂಡಿ ಚಾಂಪಿಯನ್ ರೀಫಿನ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಯಂತ್ರಗಳನ್ನಿಟ್ಟು ಕಾದರು. 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅವರಿಗೆ ದೊರೆಯಿತು. ಜಗತ್ತಿನಲ್ಲಿ ಅದು ಮೊದಲ ಸಾಲಿನ ಸಾಧನೆ. ಅವರು ಇಳಿದುದೂ ಅದೇ ಬಾವಿಯಲ್ಲಿ, ಅದೇ ಪಂಜರದಲ್ಲಿ, ಗಣಿಗಾರರ ಸಹಾಯದಿಂದಲೇ. ಆದರೆ ಕಾಯುವುದು ಅವರ ಕೆಲಸವಾಗಿತ್ತು. ನೆಲವು ತಾನಾಗಿ ಕೊಟ್ಟುದನ್ನು ಬರೆದುಕೊಂಡು ಬಂದರು. ಅವರು ಮೇಲಕ್ಕೆ ಬಂದಾಗ ಗಣಿಯಲ್ಲಿ ಒಂದು ಗುಲಗಂಜಿಯಷ್ಟೂ ಕಡಮೆಯಾಗಿರಲಿಲ್ಲ. ಜಗತ್ತಿನ ತಿಳಿವಳಿಕೆಯಲ್ಲಿ ಅಷ್ಟು ಹೆಚ್ಚಾಗಿತ್ತು. ಒಂದೇ ಬಾವಿಯೊಳಗೆ ಎರಡು ಬಗೆಯ ಇಳಿಯುವಿಕೆ ಸಾಧ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ದೋಷವು ಇಳಿಯುವುದರಲ್ಲಿಲ್ಲ, ಇಳಿಯುವವನ ಬಗೆಯಲ್ಲಿದೆ.

ಬೇತಮಂಗಲದ ಸುತ್ತಿನ ಜನಕ್ಕೆ ಈ ಮಾತು ಹೊಸದಾಗಿ ಕೇಳಿಸಬೇಕಾದುದಿಲ್ಲ. ಸಮೀಪದ ಮುಳಬಾಗಿಲು ಸೀಮೆಯಲ್ಲಿ ಆವಣಿಯ ಬೆಟ್ಟವುಂಟು. ವಾಲ್ಮೀಕಿಯ ಆಶ್ರಮವು ಅಲ್ಲಿಯೇ ಇದ್ದಿತೆಂದೂ ಪರಿತ್ಯಕ್ತೆಯಾದ ಸೀತೆ ಅಲ್ಲಿಯೇ ಲವಕುಶರನ್ನು ಹೆತ್ತಳೆಂದೂ ಸ್ಥಳದ ಐತಿಹ್ಯ. ಸೀತೆಯ ಕಷ್ಟಪರಂಪರೆ ಮೊದಲಾದುದು ಎಲ್ಲಿ? ಹೊನ್ನಿನ ಜಿಂಕೆಯೊಂದು ಕಣ್ಣಿಗೆ ಬಿದ್ದುದರಲ್ಲಿ. ಆ ಜಿಂಕೆಯನ್ನು ಕಂಡು ಬೆರಗಾದುದು ತಪ್ಪಲ್ಲ. ಚೆಲುವಾದುದನ್ನು ಕಂಡರೆ ಬೆರಗು ಬರತಕ್ಕುದೇ. ಬೆರಗು ಬೇಟೆಯಾಗಿ ತಿರುಗಿದ ಗಳಿಗೆಯಲ್ಲಿ ಅನರ್ಥವು ಒಳಹೊಕ್ಕಿತು. ಹೊನ್ನಿನ ಜಿಂಕೆಯ ಕಥೆಯ ಕೊನೆಯನ್ನು ತನ್ನದಾಗಿ ಹೇಳಿಕೊಳ್ಳುವ ಬೆಟ್ಟವೊಂದು ಹೊನ್ನಿನ ಗಣಿಯ ನೆರೆಯಲ್ಲಿಯೇ ಇರುವುದು ಆಕಸ್ಮಿಕವಿರಬಹುದು. ಆದರೆ ನೋಟವು ಎಲ್ಲಿ ಮುಗಿಯುತ್ತದೆ, ಬೇಟೆಯು ಎಲ್ಲಿ ಮೊದಲಾಗುತ್ತದೆ ಎಂಬ ಎಚ್ಚರವನ್ನು ಈ ಸೀಮೆಯ ಮಕ್ಕಳು ಅಜ್ಜಿಯ ಬಾಯಿಂದಲೇ ಕೇಳಿ ಬಲ್ಲರು.

ಕೊನೆಯಲ್ಲಿ ಕೆರೆಯ ಮಾತು. ಶಾಸನಗಳಲ್ಲಿ ಈ ಊರಿಗೆ ವಿಜಯಾದಿತ್ಯಮಂಗಲವೆಂದು ಹೆಸರು. ಕೆರೆಯು ಸಾವಿರ ವರ್ಷಕ್ಕೂ ಹಿಂದಿನದು. 10ನೆಯ ಶತಮಾನದಲ್ಲಿ ನೊಳಂಬರ ಕಾಲದಲ್ಲಿಯೂ 12ನೆಯ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲಿಯೂ ಅದರ ಜೀರ್ಣೋದ್ಧಾರವಾಯಿತು. ಕೆರೆಯೂ ನಿರಪಾಯವಾದುದಲ್ಲ. 1903ರ ನವೆಂಬರಿನಲ್ಲಿ ಪಾಲಾರಿನ ಮಹಾಪೂರಕ್ಕೆ ಮೈಸೂರು ಸೀಮೆಯ ಕೆರೆಗಳು ಒಡೆದು ಕೆಳಗಣ ವಾಣಿಯಂಬಾಡಿಯು ನೀರುಪಾಲಾಯಿತು. ಮನುಷ್ಯನು ನೆಲಕ್ಕೆ ಕೈಯಿಟ್ಟಲ್ಲೆಲ್ಲ ಹೊಣೆಯೊಂದು ಹುಟ್ಟುತ್ತದೆ. ಕೆರೆಯ ವಿಷಯದಲ್ಲಿ ಆ ಹೊಣೆಯನ್ನು ತಲೆಮಾರಿನಿಂದ ತಲೆಮಾರಿಗೆ ಯಾರಾದರೊಬ್ಬರು ಹೊತ್ತರು. ಏರಿ ಒಡೆದರೆ ಮತ್ತೆ ಕಟ್ಟಿದರು, ಹೂಳು ತುಂಬಿದರೆ ಮತ್ತೆ ತೆಗೆದರು. ಗಣಿಯ ವಿಷಯದಲ್ಲಿ ಆ ಹೊಣೆಯು ಚಿನ್ನದೊಡನೆಯೇ ಮುಗಿಯಿತು. ಸಾವಿರ ವರ್ಷದ ಅಗೆತವು ಇಂದಿಗೂ ಕೆರೆಯೆನಿಸಿಕೊಂಡಿದೆ. ನೂರಿಪ್ಪತ್ತು ವರ್ಷದ ಅಗೆತವು ಹಾಳೆನಿಸಿಕೊಂಡಿದೆ. ಭೇದವು ಅಗೆದ ಆಳದಲ್ಲಿಲ್ಲ. ಅಗೆದ ಮೇಲೆ ಮರಳಿ ಬಂದು ನೋಡಿಕೊಂಡವರುಂಟೋ ಇಲ್ಲವೋ ಎಂಬುದರಲ್ಲಿದೆ.

ಸಂಚಾರಿಗೂ ಈ ಒರೆಗಲ್ಲು ಸಾಕು. ಒಂದು ಸಲ ಬಂದು, ಏರಿ, ಇಳಿದು, ಚಿತ್ರ ತೆಗೆದುಕೊಂಡು, ಇನ್ನೊಂದು ಹಾಳನ್ನು ಹುಡುಕಿಕೊಂಡು ಹೋಗುವವನು ಹಳೆಯ ಕಂಪನಿಯ ಕಿರಿಯ ಪಾಲುದಾರ. ಚಾಂಪಿಯನ್ ರೀಫಿನ ಬಾವಿಗಳಿಗೆ ಗಿಫರ್ಡ್, ಹೀತ್‌ಕೋಟ್ ಎಂದು ಪರದೇಶದವರ ಹೆಸರುಗಳಿವೆ. ಪೇಟೆಗಳಿಗೆ ರಾಬರ್ಟ್‌ಸನ್, ಆಂಡರ್‌ಸನ್ ಎಂದು ಹೆಸರುಗಳಿವೆ. ಬಾವಿಯೊಳಗೆ ಇಳಿದವರ ಹೆಸರು ಯಾವ ಕಲ್ಲಿನ ಮೇಲೆಯೂ ಕಾಣುವುದಿಲ್ಲ. ಅವು ಸಾಲುಮನೆಗಳ ಒಳಗೆ, ಗೋಡೆಗೆ ಹಾಕಿದ ಪಟಗಳ ಕೆಳಗೆ, ಮಕ್ಕಳ ಬಾಯಲ್ಲಿ ಉಳಿದಿವೆ. ಅವುಗಳಲ್ಲಿ ಒಂದನ್ನಾದರೂ ಕೇಳಿ ನೆನಪಿಟ್ಟುಕೊಂಡು ಹೋಗುವವನು ಗಣಿಯನ್ನು ಕಂಡವನು. ಉಳಿದವನು ಗುಂಡಿಯನ್ನು ಕಂಡವನು.

ಇದಕ್ಕಾಗಿ ಜೀಪನ್ನು ಬಿಡಬೇಕಾದುದಿಲ್ಲ. ಆ ವಾಹನದಲ್ಲಿಯೇ ಒಂದು ಪಾಠವಿದೆ. ಅತಿ ಕಷ್ಟವಾದ ನೆಲ ಬಂದಾಗ ಬಲ್ಲ ಚಾಲಕನು ವೇಗವನ್ನು ಹೆಚ್ಚಿಸುವುದಿಲ್ಲ. ಅತಿ ಕೆಳಗಿನ ಗಿಯರಿಗೆ ಇಳಿಸುತ್ತಾನೆ. ಆಗ ಬಂಡಿಯು ನಡೆಯುವ ಮನುಷ್ಯನಿಗಿಂತಲೂ ಮೆಲ್ಲಗೆ ಸಾಗುತ್ತದೆ. ಕಠಿನವಾದುದನ್ನು ದಾಟುವುದಕ್ಕೆ ನಿಧಾನವೇ ಬಲವೆಂದು ಕಬ್ಬಿಣಕ್ಕೆ ತಿಳಿದಿರುವುದು ಅದರ ಮೇಲೆ ಕುಳಿತವನಿಗೆ ತಿಳಿಯಬಾರದೆ? ಗಣಿಯ ಸೀಮೆಯಲ್ಲಿ ಕಠಿನವಾದುದು ಇಳಿಜಾರಲ್ಲ. ಬೇರೆಯವರ ದುಃಖದ ಮೇಲೆ ಹೇಗೆ ಕಾಲಿಡುವುದೆಂಬುದು ಅದಕ್ಕಿಂತ ಕಠಿನ.

ಬೇತಮಂಗಲದಿಂದ ಹೊರಟವನು ಸಾಲುಮನೆಗಳ ಮೊದಲ ತಿರುವಿನಲ್ಲಿ ವಾಹನವನ್ನು ನಿಲ್ಲಿಸಲಿ, ಇಳಿಯಲಿ. ಬಾಗಿಲಲ್ಲಿ ಕುಳಿತ ಹಿರಿಯರನ್ನು, “ಅಮ್ಮಾ, ಈ ಕಡೆ ಹೋಗಬಹುದೆ?” ಎಂದು ಕೇಳಲಿ. ಇನ್ನೂರು ವರ್ಷಗಳಲ್ಲಿ ಈ ನೆಲಕ್ಕೆ ಬಂದವರು ಇಲ್ಲಿಯವರನ್ನು ಎಷ್ಟೋ ಪ್ರಶ್ನೆಗಳನ್ನು ಕೇಳಿದ್ದಾರೆ: ಚಿನ್ನ ಎಲ್ಲಿದೆ, ಎಷ್ಟು ಆಳದಲ್ಲಿದೆ, ಎಷ್ಟು ಕೂಲಿಗೆ ಇಳಿಯುವಿರಿ ಎಂದು. ಹೋಗಬಹುದೆ ಎಂದು ಕೇಳಿದವರು ವಿರಳ. ಆ ಪ್ರಶ್ನೆಗೆ ಹೋಗಬಹುದೆಂಬ ಉತ್ತರ ಬಂದೀತು. ಜೊತೆಗೆ ಕುಡಿಯಲು ನೀರು ಬಂದೀತು, ದಾರಿ ತೋರುವ ಹುಡುಗನೊಬ್ಬನು ಬಂದಾನು. ಬೇಡವೆಂಬ ಉತ್ತರವೂ ಬಂದೀತು. ಬೇಡವೆಂದರೆ ಹಿಂದಿರುಗಲು ಸಿದ್ಧನಾಗಿರುವವನು ಕೇಳಿದ ಮಾತೇ ಪ್ರಶ್ನೆ. ಉಳಿದವರದು ಬರಿಯ ಉಪಚಾರ. ನಾಲ್ಕು ಗಾಲಿಗಳಿಗೂ ಬಲವಿರುವ ವಾಹನವನ್ನು, ಬಲವೆಲ್ಲ ಇರುವಾಗಲೇ, ಒಬ್ಬ ಮುದುಕಿಯ ಮಾತಿಗೆ ಹಿಂದಕ್ಕೆ ತಿರುಗಿಸಿದವನು ಆ ದಿನ ಯಾವ ಗುಡ್ಡವನ್ನೂ ಏರದೆ ಹೋಗಬಹುದು. ಹೋಗತಕ್ಕ ದಾರಿಯಲ್ಲಿ ಮಾತ್ರ ಅವನು ಬಹು ದೂರ ಹೋಗಿರುತ್ತಾನೆ.